ಲಂಕೆ ಸುತ್ತಿಸಲು ಒಪ್ಪಿದ್ದ ಡ್ರೈವರ್

ಪ್ರೀತಿಯ ಗಿರಿಜಕ್ಕ,

ನೀವು ಹೋಗಿ ಎಂಟು ತಿಂಗಳಾಯಿತು. ನೀವಿದ್ದಾಗ ಹೇಳಲಾಗದಿದ್ದ ಒಂದು ಮಾತನ್ನು ಇವತ್ತು ಹೇಳಲೇಬೇಕು.

ನೆನಪಿದೆಯಾ, ಹಂಪಿಗೆ ಹೊರಟಿದ್ದ ಆ ವಿದೇಶಿ ಗಂಡ ಹೆಂಡತಿಯ ವ್ಯಾನು ಕೆಟ್ಟು, ಕೂಡ್ಲಿಗಿಯಲ್ಲಿ ನಮ್ಮಣ್ಣ ರಫೀಕನ ಗ್ಯಾರೇಜಿಗೆ ಬಂದು ನಿಂತದ್ದು? ಶಾಲೆ ಬಿಟ್ಟ ಮೇಲೆ ನನ್ನ ಜೊತೆ ಚಹಾ ಕುಡಿಯಲು ಬಂದಿದ್ದ ನೀವು, ಚಪ್ಪಲಿ ಬಿಟ್ಟು ಸೀದಾ ಅದರೊಳಗೆ ಹತ್ತಿಬಿಟ್ಟಿರಿ. ಒಳಗೆ ಒಲೆ, ಎರಡು ಹಾಸಿಗೆ, ಕೈ ತೊಳೆಯುವ ಬೇಸಿನ್ನು, ಕಿಟಕಿಗೆ ಹೂವಿನ ಪರದೆ. "ಮುಮ್ತಾಜೂ, ಇಲ್ನೋಡ! ಮನೀನ ಕಟ್ಕೊಂಡು ತಿರುಗಾಕತ್ತ್ಯಾರ ಇವ್ರು!" ಇಪ್ಪತ್ತು ವರ್ಷ ಮಕ್ಕಳಿಗೆ ಭೂಗೋಳ ಹೇಳಿದ್ದವರು ಆವತ್ತು ನೀವೇ ಐದನೇ ಕ್ಲಾಸಿನ ಹುಡುಗಿಯಾಗಿದ್ದಿರಿ.

ಮರುದಿನ ಸ್ಟಾಫ್ ರೂಮಿನ ಟೇಬಲ್ಲಿನ ಮೇಲೆ ಶ್ರೀಲಂಕಾದ ನಕ್ಷೆ ಹರಡಿದಿರಿ. "ಅಲ್ಲಿ ಗುಂಡಿನ ಸಪ್ಪಳ ನಿಂತೈತಂತ ಪೇಪರ್‌ನ್ಯಾಗ ಬಂದೈತಿ. ಬ್ಯಾಸಗಿ ರಜಾಕ್ಕ ಹೋಗಿಬಿಡೋಣು. ಕೊಲಂಬೊದಾಗ ಇಂಥದ್ದ ಒಂದು ವ್ಯಾನ್ ಬಾಡಿಗಿಗೆ ಹಿಡಿಯೋಣು" ಅಂದಿರಿ.

"ಗಾಡಿ ಯಾರು ಹೊಡೀತಾರಕ್ಕ?" ಅಂದೆ.

"ನೀನ. ಮೆಕ್ಯಾನಿಕ್ ಮನಿ ಮಗಳಲ್ಲೇನು ನೀ?"

"ಆತಕ್ಕ" ಅಂದುಬಿಟ್ಟೆ. ಆ ಒಂದು ಮಾತು ಯಾಕಾದರೂ ಬಾಯಿಂದ ಬಂತೋ...

ಕೊಟ್ಟೂರು ರಸ್ತೆಯಲ್ಲಿ ಹತ್ತು ವರ್ಷದ ಹಿಂದೆ ನಾನು ಜೀಪನ್ನು ತಗ್ಗಿಗೆ ಇಳಿಸಿದ್ದೆ. ಪಕ್ಕದಲ್ಲಿ ಕೂತಿದ್ದ ರಫೀಕಣ್ಣನ ಕೈ ಮುರಿಯಿತು. ಅವನು ಒಂದು ದಿನವೂ ಬೈಯಲಿಲ್ಲ. ಆದರೆ ಅಂದಿನಿಂದ ನಾನು ಮತ್ತೆ ಸ್ಟೇರಿಂಗ್ ಮುಟ್ಟಿಲ್ಲ. ಇದು ನೀವು ನಮ್ಮ ಶಾಲೆಗೆ ಬರುವ ಮುಂಚಿನ ಮಾತು, ನಿಮಗೆ ಗೊತ್ತಿರಲಿಲ್ಲ. ಗಾಲೆಯ ಕೋಟೆ, ಕ್ಯಾಂಡಿಯ ಕೆರೆ, ನುವಾರ ಎಲಿಯಾದ ಚಹಾ ತೋಟ ಎಂದು ನೀವು ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕುತ್ತಿದ್ದರೆ, ನಾನು ಘಟ್ಟದ ತಿರುವುಗಳನ್ನೇ ನೋಡುತ್ತಿದ್ದೆ. ಖಡಕ್ ರೊಟ್ಟಿ ಎಷ್ಟು ದಿನಕ್ಕೆ ಬೇಕು, ಶೇಂಗಾ ಚಟ್ನಿ ಎಷ್ಟು ಕುಟ್ಟಬೇಕು ಎಂದು ನೀವು ಕೇಳಿದಾಗೆಲ್ಲ ಉತ್ತರ ಕೊಟ್ಟೆ. ಪಾಸ್‌ಪೋರ್ಟೂ ಮಾಡಿಸಿದೆ. ನಿಮ್ಮ ಮುಖ ನೋಡಿ 'ಆಗೋದಿಲ್ಲಕ್ಕ' ಅನ್ನಲು ಮಾತ್ರ ಆಗಲಿಲ್ಲ.

ಬಳ್ಳಾರಿಯ ಆಸ್ಪತ್ರೆಯಲ್ಲಿ ಡಾಕ್ಟರು ನಿಮ್ಮ ಹೊಟ್ಟೆಯ ಗಡ್ಡೆಯ ವಿಷಯ ಹೇಳಿ, ಇನ್ನು ದೂರದ ಪ್ರಯಾಣ ಬೇಡ ಅಂದರಲ್ಲ, ಆಗ... ಹೇಗೆ ಬರೆಯಲಿ? ದುಃಖ ಬರುವ ಮೊದಲು ಒಂದು ಗಳಿಗೆ ನನ್ನ ಎದೆ ಹಗುರಾಯಿತು, ಅಕ್ಕ. ಗಾಡಿ ಓಡಿಸುವುದು ತಪ್ಪಿತು ಎಂದು. ಆಮೇಲೆ ವರಾಂಡದಲ್ಲಿ ಗೋಡೆ ಹಿಡಿದು ಅತ್ತೆ. ನೀವು ಕೈ ಹಿಡಿದು, "ನಿನ್ನ ಆಸಿ ಮಣ್ಣುಪಾಲು ಮಾಡಿದ್ನೆವ್ವಾ, ಬೈಕೋಬ್ಯಾಡ" ಅಂದಿರಿ. "ಇರ್ಲಿ ಬಿಡ್ರಿ ಅಕ್ಕ" ಅಂದೆ. ನಿಮ್ಮನ್ನು ನಾನು ಕ್ಷಮಿಸಿದೆ! ಯಾರು ಯಾರನ್ನು ಕ್ಷಮಿಸಬೇಕಿತ್ತು?

ಹೋದ ಭಾನುವಾರ ಹರಪನಹಳ್ಳಿಯಿಂದ ನಿಮ್ಮ ತಂಗಿ ಸುವರ್ಣಕ್ಕ ಬಂದಿದ್ದರು. ಕೂತವರೇ, "ಅಕ್ಕ ಹಾಕಿದ್ ಪ್ಲಾನು, ನಾವಿಬ್ರು ಹೋಗ್ಬರಾನೇನೆ? ಗಾಡಿ ನೀನೇ ಓಡಿಸ್ತೀಯಂತಲ್ಲ" ಅಂದರು. ನಾನು ಮತ್ತೆ "ಆತು" ಅನ್ನುವವಳಿದ್ದೆ. ಯಾಕೋ ಆಗಲಿಲ್ಲ. ಜೀಪು, ರಫೀಕಣ್ಣನ ಕೈ, ಬಳ್ಳಾರಿಯ ಆ ಗಳಿಗೆ, ಎಲ್ಲ ಹೇಳಿ ತಲೆ ತಗ್ಗಿಸಿ ಕೂತೆ.

ಸುವರ್ಣಕ್ಕ ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು ಬರುವಷ್ಟು. "ಅಷ್ಟೇನಾ? ಡ್ರೈವರ್ ಇಟ್ಕಂಡ್ರಾತು! ಒಂದ್ ಮಾತು ಹೇಳಿದ್ರೆ ಅಕ್ಕನೂ ಇದನ್ನೇ ಅಂತಿದ್ಲು."

ಹೌದಲ್ಲ? ನೀವೂ ಇದನ್ನೇ ಅನ್ನುತ್ತಿದ್ದಿರಿ. ಎಷ್ಟು ದಿನ ಸುಮ್ಮನೆ ಹೊತ್ತು ತಿರುಗಿದೆ ನಾನು!

ಈಗ ಕೇಳಿ. ನಿನ್ನೆ ಕೊಲಂಬೊದಿಂದ ಇ-ಮೇಲ್ ಬಂತು. ವ್ಯಾನಿನ ಜೊತೆ ಡ್ರೈವರನ್ನೂ ಕೊಡುತ್ತಾರಂತೆ. ಹೆಸರು ಸುನಿಲ್, ಘಟ್ಟದ ರಸ್ತೆಯಲ್ಲೇ ತಲೆ ನೆರೆದವರಂತೆ. ಬರುವ ಬೇಸಿಗೆ ರಜೆಗೆ ಹೊರಡುತ್ತೇವೆ. ಸಂಜೆ ಸುವರ್ಣಕ್ಕ ಫೋನ್ ಮಾಡಿ, "ಒಂದೇ ವ್ಯಾನಲ್ಲಿ ಮಲಗ್ಬೇಕು, ಗೊರಕೆ ಹೊಡಿತೀಯೇನೆ?" ಎಂದು ಕೇಳಿದರು.

"ಹೊಡೀತೀನ್ರಿ ಅಕ್ಕ, ಜೋರಾಗೇ ಹೊಡೀತೀನಿ" ಅಂದೆ.

ನಿಮ್ಮ
ಮುಮ್ತಾಜ್