ಮಾರಿಕಣಿವೆಯಲ್ಲಿ ಈಜಿದ ನಿಂಗಕ್ಕ

ಹಿರಿಯೂರು, 9-5-1975

ತಾಳ್ಯದ ಮಾವನವರಿಗೆ ಅಳಿಯ ಗುಡ್ಡಪ್ಪನ ಶರಣು.

ರಜೆಗೆ ಅಕ್ಕನ ಮನೆಗೆ ಬಂದವರು ನಿನ್ನೆ ಮಕ್ಕಳ ಜೊತೆ ಮಾರಿಕಣಿವೆ ಡ್ಯಾಮಿಗೆ ಹೋಗಿದ್ವಿ. ನೀರು ಎಷ್ಟು ಅಗಲ ಐತೆ ಅಂದ್ರೆ, ಆಚೆ ದಡದ ಕುರಿ ಇರುವೆ ಹಂಗೆ ಕಾಣ್ತವೆ. ಮೆಟ್ಟಿಲ ಮೇಲೆ ಆಡ್ತಿದ್ದ ಪೇಟೆ ಹುಡುಗಿ ಒಬ್ಬಳು ಜಾರಿ ಆಳಕ್ಕೆ ಹೋದಳು. ಗಂಡಸರೆಲ್ಲ ಕೂಗಾಡ್ತಾ ನಿಂತರು, ನಾನೂ ನಿಂತೆ. ನಿಮ್ಮ ಮಗಳು ನಿಂಗಕ್ಕ ಸೆರಗು ಸಿಕ್ಕಿಸಿ ಹಾರಿದಳು, ಹುಡುಗಿಯ ಜಡೆ ಹಿಡಿದು ದಡಕ್ಕೆ ಎಳಕೊಂಡು ಬಂದಳು. ಹುಡುಗಿಯ ತಾಯಿ ಅಳ್ತಾ, "ಈಜು ಎಲ್ಲಿ ಕಲಿತೆಯಮ್ಮ?" ಅಂದರು. "ನಮ್ಮಪ್ಪ ಹೊಲದ ಬಾವೀಲಿ ಕಲಿಸಿದ್ದು" ಅಂದಳು.

ಹೆಣ್ಣುಮಗಳಿಗೆ ಈಜು ಯಾಕೆ ಅಂತ ಮದುವೇಲಿ ನಿಮ್ಮನ್ನು ಆಡಿಕೊಂಡವನು ನಾನೇ. ನಿಂಗಕ್ಕನಿಗೆ ಸ್ವಲ್ಪ ನೆಗಡಿ, ಬೇರೇನಿಲ್ಲ. ಸೋಮವಾರ ನಿಮ್ಮ ಮೊಮ್ಮಗಳನ್ನ ಕರ್ಕೊಂಡು ಬರ್ತೀನಿ, ಅವಳನ್ನೂ ಬಾವಿಗೆ ಇಳಿಸ್ರಿ. ಅವಳ ಜೊತೆ ನನ್ನನ್ನೂ.