ಗಾಳಿ ಎಳೆಯುವ ಸದ್ದು

ಮಾರ್ಚ್ 4, ಬೆಳಿಗ್ಗೆ

ಮತ್ತೆ ಅದೇ ಮಷೀನು. ಹೈಸ್ಕೂಲು ಮೈದಾನದ ಹುಲ್ಲು ಕತ್ತರಿಸುವುದು. ಡ್ರಿಲ್ ಮೇಷ್ಟ್ರು ತಳ್ಳಿಕೊಂಡು ಬಂದು ನನ್ನ ರಿಪೇರಿ ಶೆಡ್ಡಿನ ಬಾಗಿಲಲ್ಲಿ ನಿಲ್ಲಿಸಿದರು. ದೂರು ಹಳೆಯದೇ — ಚೋಕ್ ಎಳೆದಿದ್ದರೆ ಸರಿಯಾಗಿ ಓಡುತ್ತದೆ. ಒಳಗೆ ತಳ್ಳಿದರೆ ಎಂಜಿನ್ ಸ್ಪೀಡು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ... ಆಮೇಲೆ ಆಫ್.

ಪೆಟ್ರೋಲು ಸಾಲುತ್ತಿಲ್ಲ, ಗಾಳಿ ಹೆಚ್ಚಾಗುತ್ತಿದೆ. ಪೆಟ್ರೋಲು ಬಿಡುವ ಜೆಟ್‌ನಲ್ಲಿ ಕಸ ಇರಬೇಕು. ಕಾರ್ಬೊರೇಟರ್ ಬಿಚ್ಚಿ, ಜೆಟ್ ತೊಳೆದು, ಜೋಡಿಸಿದೆ. ಅಪ್ಪನ ಕಾಲದಿಂದ ಮಾಡಿಕೊಂಡು ಬಂದ ಕೆಲಸ; ಕಣ್ಣು ಮುಚ್ಚಿ ಮಾಡಬಲ್ಲೆ. ಸ್ಟಾರ್ಟ್ ಮಾಡಿ ಕಿವಿಗೊಟ್ಟು ಕೇಳಿದೆ. ಏನೂ ತಕರಾರಿಲ್ಲ.

ಹೋಗುವಾಗ ಮೇಷ್ಟ್ರು ಏನೋ ಗೊಣಗಿದರು. ಈಗೀಗ ಎಲ್ಲರೂ ಬಾಯಲ್ಲಿ ನೀರು ತುಂಬಿಕೊಂಡೇ ಮಾತಾಡುತ್ತಾರೆ. ಮಕ್ಕಳಿಗೆ ಡ್ರಿಲ್ ಹೇಳಿಕೊಡುವವರಿಗೂ ಗಂಟಲಿಲ್ಲ ಎಂದರೆ!

ಮಾರ್ಚ್ 9, ಭಾನುವಾರ

ಯಾರೂ ಬರಲಿಲ್ಲ. ಅಮ್ಮ ಹೋದ ಮೇಲೆ ಭಾನುವಾರ ಎಂದರೆ ಆಗುವುದಿಲ್ಲ. ಒಂದು ತಟ್ಟೆ, ಒಂದು ಲೋಟ. ತೊಳೆದು ಬೋರಲು ಹಾಕಿದರೆ ದಿನ ಮುಗಿಯಿತು. ಮೊದಲು ರಜೆ ದಿನವೂ ಒಬ್ಬರಲ್ಲ ಒಬ್ಬರು ಮನೆಗೇ ಬಂದು ಕಾಡುತ್ತಿದ್ದರು. ಜನಕ್ಕೆ ನನ್ನ ನೆನಪೇ ಹೋಗಿದೆ.

ಮಾರ್ಚ್ 12

ಮಷೀನು ವಾಪಸ್. ರೇಗಿಹೋಯಿತು.

"ಸ್ಟಾರ್ಟ್ ಆದ್ಮೇಲೆ ಚೋಕ್ ಒಳಗೆ ತಳ್ತೀರೋ ಇಲ್ವೋ ಮೇಷ್ಟ್ರೇ?"

"ತಳ್ತೀನಮ್ಮಾ. ತಳ್ಳಿದ್ರೇನೇ ಅದು ಕುಣಿಯೋಕೆ ಶುರು ಮಾಡೋದು."

"ಹಳೇ ಪೆಟ್ರೋಲ್ ಹಾಕಿರ್ತೀರಾ!"

"ನಿನ್ನೆ ತಂದಿದ್ದು... ಅಮ್ಮಾ, ಯಾಕೆ ಕಿರುಚ್ತೀರಾ? ಇಲ್ಲೇ ನಿಂತಿದ್ದೀನಲ್ಲ."

ಕಿರುಚಿದೆನೇ? ಇಲ್ಲವಲ್ಲ.

ಸ್ಪೀಡು ಹಿಡಿದಿಡುವ ಸ್ಪ್ರಿಂಗ್ ಸ್ವಲ್ಪ ಜಗ್ಗಿತ್ತು. ಹೊಸದು ಹಾಕಿದೆ. ನಾಳೆ ಅವರ ಎದುರಿಗೇ ಓಡಿಸಿ ತೋರಿಸಿ, ಬಾಯಿ ಮುಚ್ಚಿಸಬೇಕು.

ಮಾರ್ಚ್ 13, ಮಧ್ಯಾಹ್ನ

ಬಾಯಿ ಮುಚ್ಚಿದ್ದು ನಾನೇ.

ಮಷೀನು ಓಡುತ್ತಿತ್ತು. ಚೋಕ್ ಪೂರ್ತಿ ಒಳಗೆ. ನನ್ನ ಕಿವಿಗೆ ಎಲ್ಲ ಸರಿ. ಮೇಷ್ಟ್ರು ಬಗ್ಗಿದರು, ಜೋರಾಗಿ ಹೇಳಿದರು — "ಇಲ್ಲೇನೋ ಸುಯ್ ಅಂತಿದೆಯಲ್ಲಮ್ಮಾ?"

"ಎಲ್ಲಿ?"

ಕಾರ್ಬೊರೇಟರು ಎಂಜಿನ್ನಿಗೆ ಸೇರುವ ಕಡೆ ಬೆರಳು ತೋರಿಸಿದರು. ಬಗ್ಗಿದೆ. ಇನ್ನೂ ಬಗ್ಗಿದೆ. ಎಂಜಿನ್ನಿನ ದಡದಡ ಬಿಟ್ಟರೆ ಏನೂ ಇಲ್ಲ. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೇ ಬೆರಳಿನಿಂದ ಒಂದೆರಡು ಹನಿ ನೀರು ಬಿಟ್ಟೆ. ಸಂದಿ ನೀರನ್ನು ಒಳಕ್ಕೆ ಎಳೆದುಕೊಂಡಿತು.

ನಡುವಿನ ಗ್ಯಾಸ್ಕೆಟ್ ಪಟ್ಟಿ ಹರಿದಿತ್ತು. ಅಲ್ಲಿಂದ ಕಳ್ಳಗಾಳಿ. ಚೋಕ್ ಎಳೆದು ಬೇರೆ ಗಾಳಿ ತಡೆದಾಗ ಸರಿಹೋಗುತ್ತಿದ್ದುದೂ ಅದಕ್ಕೇ. ಈ ಸದ್ದನ್ನು ನಾನು ರಸ್ತೆಯಲ್ಲಿ ನಿಂತೇ ಹಿಡಿಯುತ್ತಿದ್ದೆ! ಇವತ್ತು ಮೂಗು ತಾಗುವಷ್ಟು ಹತ್ತಿರ ಬಗ್ಗಿದರೂ ಇಲ್ಲ.

"ಹಾಂ, ಅದನ್ನೇ ನೋಡ್ತಿದ್ದೆ," ಎಂದೆ. ಮೇಷ್ಟ್ರು ನೆಲ ನೋಡಿದರು.

ಅದೇ ದಿನ, ಸಂಜೆ

ಗಡಿಯಾರವನ್ನು ಗೋಡೆಯಿಂದ ಇಳಿಸಿ ಕಿವಿಗೆ ಒತ್ತಿಕೊಂಡೆ. ಬಲಗಿವಿ — ಎಲ್ಲೋ ದೂರದಲ್ಲಿ. ಎಡಗಿವಿ — ಇಲ್ಲವೇ ಇಲ್ಲ.

ಮನೆಯಲ್ಲಿ ಇನ್ನೊಬ್ಬರಿದ್ದಿದ್ದರೆ ಎಂದೋ ಗೊತ್ತಾಗುತ್ತಿತ್ತು. ಟೀವಿ ಸೌಂಡ್ ಕಮ್ಮಿ ಮಾಡೇ, ಕಿವುಡೀ, ಎಂದು ಬೈಯುವುದಕ್ಕೂ ಒಬ್ಬರು ಬೇಕಲ್ಲ. ನಾನು ಎಷ್ಟು ಸೌಂಡ್ ಇಟ್ಟರೂ ಕೇಳುವವರಿಲ್ಲ.

ಕಿವಿ ಹೋದ ಮೆಕ್ಯಾನಿಕ್ಕಿಗೆ ಎಂಜಿನ್ ಯಾರು ಕೊಡುತ್ತಾರೆ? ಶೆಡ್ ಮುಚ್ಚಿದರೆ ವಾರಕ್ಕೊಂದು ಮಾತಾಡಲು ಈ ಮೇಷ್ಟ್ರೂ ಇರುವುದಿಲ್ಲ. ಭಯವಾಗುತ್ತಿದೆ.

ಮಾರ್ಚ್ 29

ಶೆಡ್ ತೆಗೆದೇ ಇಲ್ಲ. ಮೈಗೆ ಹುಷಾರಿಲ್ಲ ಎಂದು ರಟ್ಟಿನ ಮೇಲೆ ಬರೆದು ತೂಗುಹಾಕಿದ್ದೆ. ಇವತ್ತು ಧೈರ್ಯ ಮಾಡಿ ಕಿವಿ ಡಾಕ್ಟರ ಹತ್ತಿರ ಹೋದೆ.

ಗಾಜಿನ ಗೂಡಿನಲ್ಲಿ ಕೂರಿಸಿ ಕೈಗೊಂದು ಬಟನ್ ಕೊಟ್ಟರು. ಸದ್ದು ಬಂದಾಗ ಒತ್ತಬೇಕಂತೆ. ಕಾದೆ... ಕಾದೆ. ಗಾಜಿನಾಚೆ ಡಾಕ್ಟರಮ್ಮನ ಕೈ ಆಡುತ್ತಲೇ ಇತ್ತು. ಅಂದರೆ ಸದ್ದು ಬರುತ್ತಲೇ ಇತ್ತು. ನಾಚಿಕೆಯಾಗಿ ಒಂದೆರಡು ಸಲ ಸುಮ್ಮಸುಮ್ಮನೆ ಒತ್ತಿದೆ. ಸಿಕ್ಕಿಬಿದ್ದೆ.

"ಮನೇಲಿ ಯಾರು ಮೊದ್ಲು ಗಮನಿಸಿದ್ದು?" ಎಂದು ಚೀಟಿಯಲ್ಲಿ ಬರೆದುಕೊಳ್ಳುತ್ತಾ ಜೋರಾಗಿ ಕೇಳಿದರು.

"ಹುಲ್ಲು ಕತ್ತರಿಸೋ ಮಷೀನು."

ನಕ್ಕರು. ನಾನೂ ನಕ್ಕೆ. ಆಮೇಲೆ ಬಸ್‌ಸ್ಟಾಪಿನಲ್ಲಿ ಕೂತು ಅತ್ತೆ. ಬಸ್ಸು ಬಂದು ಹೋದದ್ದೂ ತಿಳಿಯಲಿಲ್ಲ.

ಏಪ್ರಿಲ್ 16, ಸಂಜೆ

ಕಿವಿಯ ಮಷೀನು ಬಂತು. ಎರಡೂ ಕಿವಿಗೆ. ಕಡಲೆಬೀಜದಷ್ಟು.

ಮೊದಲು ಓಡಿದ್ದು ಶೆಡ್ಡಿಗೆ. ಮೂಲೆಯಲ್ಲಿದ್ದ ನಮ್ಮ ಹಳೇ ಹುಲ್ಲಿನ ಮಷೀನು ಸ್ಟಾರ್ಟ್ ಮಾಡಿ, ಕಾರ್ಬೊರೇಟರಿನ ಬೋಲ್ಟ್ ಬೇಕೆಂದೇ ಸಡಿಲಿಸಿದೆ. ಸುಯ್! ಬಿಗಿ ಮಾಡಿದೆ, ನಿಂತಿತು. ಸಡಿಲಿಸಿದೆ — ಸುಯ್! ಯಾರಾದರೂ ನೋಡಿದ್ದರೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಕೆಲಸ ಉಳಿಯಿತು. ನಾಳೆ ಶೆಡ್ ತೆಗೆಯುತ್ತೇನೆ.

ಮನೆಗೆ ಬಂದೆ. ನನ್ನ ಚಪ್ಪಲಿ ಇಷ್ಟು ಸದ್ದು ಮಾಡುತ್ತದೆಯೇ? ಫ್ರಿಜ್ಜು ಒಬ್ಬಳೇ ಕೂತ ಮುದುಕಿಯ ಹಾಗೆ ಗೊಣಗುತ್ತದೆ. ಹಿಂದಿನ ರೂಮಿನಲ್ಲಿ ಕೂತೆ. ಪೆನ್ನು ಕಾಗದದ ಮೇಲೆ ಕೆರೆಯುವುದೂ ಕೇಳುತ್ತಿದೆ. ಬೇರೆ ಏನೂ ಇಲ್ಲ. ಮನೆ ಇಷ್ಟು ಖಾಲಿ ಎಂದು ಕಿವಿ ಬಂದ ಮೇಲೇ ಗೊತ್ತಾದದ್ದು. ತೆಗೆದಿಟ್ಟುಬಿಡೋಣ ಎನಿಸಿತು...

ಗೇಟಿನಲ್ಲಿ ಯಾರೋ.

"ಅಕ್ಕಾ... ಒಳಗಿದ್ದೀರಾ?"

ನಡುವೆ ಎರಡು ಬಾಗಿಲು, ಅಂಗಳ. ಆದರೂ ಕೇಳಿಸಿತು. ಹೆಂಗಸಿನ ದನಿ. ಗುರುತು ಹತ್ತುತ್ತಿಲ್ಲ. ಮತ್ತೆ ಕರೆದರು — "ಅಕ್ಕಾ..."

ಯಾರೂ ಬರಲಿಲ್ಲ, ಯಾರೂ ಬರಲಿಲ್ಲ ಎಂದು ಇದೇ ರೂಮಿನಲ್ಲೇ ಕೂತು ಬರೆದೆನಲ್ಲ. ಹೀಗೇ ಗೇಟಿಗೆ ಬಂದು, ಕರೆದು ಕರೆದು ಸಾಕಾಗಿ, ಎಷ್ಟು ಜನ ವಾಪಸ್ಸು ಹೋದರೋ! ನನಗೇ ಬಿಂಕ ಎಂದುಕೊಂಡರೋ...

ಮತ್ತೆ ಕರೆಯುತ್ತಿದ್ದಾರೆ. ಹೋಗಿಬಿಟ್ಟಾರು —