ಕೊಟ್ಟಿಗೆ ನೀರು ಮತ್ತು ಶಿವಲಿಂಗಪ್ಪನವರ ಕನಿಕರ

ಅತ್ತೆ,

ಇದನ್ನು ಓದಿ ನೀವು ಅಲ್ಲಿಂದಲೇ ಮುಖ ತಿರುಗಿಸುತ್ತೀರಿ ಅಂತ ಗೊತ್ತು. ಆದರೂ ಹೇಳಿಬಿಡುತ್ತೇನೆ. ಕೊಟ್ಟಿಗೆ ಹಿಂದೆ ಗುಂಡಿ ತೋಡಿಬಿಟ್ಟೆ. ಎಮ್ಮೆ ತೊಳೆದ ನೀರು ಈಗ ಮೋರಿಗೆ ಹೋಗುವುದಿಲ್ಲ.

ಊರಿಗೆ ಹಾಲಿನ ಡೇರಿ ಬಂದ ಹೊಸದರಲ್ಲಿ ಅದರ ಸೆಕ್ರೆಟರಿ ನಮ್ಮ ಜಗಲಿ ಮೇಲೆ ಕೂತು ಹೇಳಿದ್ದು ನೆನಪಿದೆಯಾ? ಕೊಟ್ಟಿಗೆಗಳ ಗಂಜಲ, ಸಗಣಿ ನೀರೆಲ್ಲ ಕುಡಿಯುವ ನೀರಿನ ಕಟ್ಟೆಗೆ ಸೇರುತ್ತಿದೆ, ಮಕ್ಕಳಿಗೆ ವಾಂತಿಭೇದಿ, ಗುಂಡಿ ತೋಡದ ಮನೆಯ ಹಾಲು ಯುಗಾದಿಯಿಂದ ಬೇಡ ಅಂತ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ" ಅಂದಿರಿ ನೀವು. ನನಗೂ ಅವನ ಮೇಲೆ ನಂಬಿಕೆ ಇರಲಿಲ್ಲ. ಗುಂಡಿ ತೋಡಬೇಕೆಂದರೆ ಕೂಲಿ ಕೊಡಬೇಕು, ಕಲ್ಲು ಕಟ್ಟಿಸಬೇಕು. ಒಂದೇ ಎಮ್ಮೆಯ ಮನೆಗೆ ಅದು ಆಗುವ ಮಾತಾ? ಕೈಲಾಗದವರೆಲ್ಲ ಎಮ್ಮೆ ಮಾರಿಕೊಂಡರೆ ಕ್ಯಾನು ತುಂಬುವುದು ಅವನ ಸೀಮೆಹಸುಗಳ ಹಾಲೇ ತಾನೆ?

ಆಗ ಕಟ್ಟೆ ಮೇಲ್ಗಡೆ ಗದ್ದೆಯ ಶಿವಲಿಂಗಪ್ಪನವರು ಪಂಚಾಯ್ತಿಯಲ್ಲಿ ನಮ್ಮ ಪರ ಎದ್ದು ನಿಂತರಲ್ಲ. "ಬಡವರ ಮ್ಯಾಲೆ ಯಾಕ್ರೀ ಈ ಭಾರ? ಹರಿಯೋ ನೀರು ಹರೀಲಿ ಬಿಡ್ರಿ" ಅಂದರು. ನಿಮಗೆ ಕಣ್ಣಲ್ಲಿ ನೀರು ಬಂತು, ನನಗೆ ಅನುಮಾನ ಬಂತು. ಬೇಸಿಗೆಯಲ್ಲಿ ಒಂದು ಹೊರೆ ಹುಲ್ಲು ಕೇಳಿದರೆ ಕೇಳಿಸದಂತೆ ಹೋಗುತ್ತಿದ್ದ ಮನುಷ್ಯನಿಗೆ ಈ ಕನಿಕರ ಎಲ್ಲಿಂದ ಬಂತು?

ಬರದ ಸೊಕ್ಕೆ ಊರಿನವಳು, ನೀರು ಕಂಡರೂ ಅನುಮಾನ, ಮನುಷ್ಯರ ಕಂಡರೂ ಅನುಮಾನ ಅಂತ ಬೈದಿರಿ. ಹೌದು ಅತ್ತೆ. ನೀವು ಸೂಳೆಕೆರೆ ನೀರಿನಲ್ಲಿ ಬೆಳೆದವರು. ನಮ್ಮ ಕಡೆ ಚೆಲ್ಲಿದ ನೀರೂ ಯಾರ ಗಿಡದ ಬುಡಕ್ಕೆ ಹೋಯಿತು ಅಂತ ನೋಡುತ್ತೇವೆ. ನೀವು ತೀರಿಕೊಂಡ ಮೇಲೆ ಒಂದು ಬೆಳಿಗ್ಗೆ ಎಮ್ಮೆ ತೊಳೆದು, ಮೋರಿಯ ಗುಂಟ ನಡೆದೇ ಬಿಟ್ಟೆ. ನೀರು ನೆಟ್ಟಗೆ ಕಟ್ಟೆಗೆ ಹೋಗುತ್ತಿರಲಿಲ್ಲ. ಶಿವಲಿಂಗಪ್ಪನವರು ಬದು ಕಡಿದು, ಓಣಿಯ ಕೊಟ್ಟಿಗೆ ನೀರನ್ನೆಲ್ಲ ತಮ್ಮ ಗದ್ದೆಗೆ ತಿರುಗಿಸಿಕೊಂಡಿದ್ದರು. ಅವರ ಭತ್ತ ಸೊಂಪಾಗಿ, ಕಪ್ಪುಹಸಿರಾಗಿ ತೂಗುತ್ತಿತ್ತು. ಗದ್ದೆ ತುಂಬಿ ಮಿಕ್ಕಿದ್ದು ಕಟ್ಟೆಗೆ. ಗೊಬ್ಬರ ಅವರಿಗೆ ಬಿಟ್ಟಿ, ಬೈಗುಳ ನಮಗೆ. ನೀವಿದ್ದಿದ್ದರೆ ಏನನ್ನುತ್ತಿದ್ದಿರೋ...

ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದೆ. ಕೂಲಿಯವರನ್ನು ಕರೆಯಲಿಲ್ಲ. ನಾಟಿಗೆ ಮುಯ್ಯಾಳು ಹೋಗುತ್ತೇವಲ್ಲ, ಹಾಗೇ ಒಬ್ಬರ ಮನೆ ಗುಂಡಿಯನ್ನು ಎಲ್ಲರೂ ಸೇರಿ ತೋಡಿ, ಕಲ್ಲು ಕಟ್ಟಿಕೊಟ್ಟೆವು. ಡೇರಿಯವನು ಹಾಲು ತೆಗೆದುಕೊಳ್ಳುತ್ತಿದ್ದಾನೆ. ಅಳತೆಯ ಹೊತ್ತಿಗೆ ಅವನ ಕೈಯನ್ನೇ ನೋಡುತ್ತಾ ನಿಲ್ಲುತ್ತೇನೆ, ಅದು ಬೇರೆ ಮಾತು. ಕಟ್ಟೆ ನೀರು ತಿಳಿಯಾಗಿದೆ. ಆದರೂ ಕಾಯಿಸಿಯೇ ಕುಡಿಯುತ್ತೇನೆ.

ಈ ಸಲ ಶಿವಲಿಂಗಪ್ಪನವರ ಭತ್ತ ಬಿಳಿಚಿಕೊಂಡಿತು. ಸುಗ್ಗಿ ಮುಗಿಯುತ್ತಲೇ ಗಾಡಿ ಹೂಡಿಕೊಂಡು ಬಾಗಿಲಿಗೆ ಬಂದರು. "ಗುಂಡಿ ಗೊಬ್ಬರ ಐತಲ್ಲವ್ವ, ಕೊಡಾಕೆ ಆಗ್ತೈತಾ?" ನನ್ನನ್ನು ಅವ್ವ ಅಂದರು, ಅತ್ತೆ.

"ಮೊದ್ಲು ಹುಲ್ಲು ತಂದು ನಮ್ಮ ಹಿತ್ತಲಾಗೆ ಬಣವೆ ಒಟ್ಟಿಸ್ರಿ. ಗೊಬ್ಬರ ಆಮ್ಯಾಲೆ" ಅಂದೆ.

ಎಮ್ಮೆ ಮಾರಬೇಕಾಗುತ್ತದೆ ಅಂತ ಕೊರಗುತ್ತಲೇ ಹೋದಿರಿ. ಮಾರಿಲ್ಲ. ಇದನ್ನು ಬರೆಯುವಾಗ ಕೊಟ್ಟಿಗೆಯಲ್ಲಿ ನಿಂತು ಹುಲ್ಲು ತಿನ್ನುತ್ತಿದೆ, ಶಿವಲಿಂಗಪ್ಪನವರದ್ದು.

ನಿಮ್ಮ ಸೊಸೆ